ಎರಡು ಕಂಪನಿಯ ಟಾರ್ಚು, ಒಂದು ರೆಸಿಸ್ಟರ್, ಮೂರು ಬೆಳಕು

ನಮ್ಮ ಮನೆಯಲ್ಲಿ ಟಾರ್ಚಿಗೆ ಬ್ಯಾಟರಿ ಅನ್ನುತ್ತಿದ್ದರು. ‘ಬ್ಯಾಟರಿ ಬಿಡು, ಮೆಟ್ಟಿಲು ಕಾಣ್ತಿಲ್ಲ’ ಅಂದರೆ ಬೆಳಕು ಬಿಡು ಎಂದರ್ಥ. ಒಳಗೆ ಹಾಕುವುದು ಸೆಲ್. ಈ ಬರಹದಲ್ಲಿ ಗೊಂದಲ ಬೇಡ ಅಂತ ಟಾರ್ಚಿಗೆ ಟಾರ್ಚ್ ಎಂದೇ ಅನ್ನುತ್ತೇನೆ, ಒಳಗಿನದಕ್ಕೆ ಸೆಲ್.

ಆ ಹಳೆಯ ಟಾರ್ಚಿಗೆ ಒಂದೇ ಬೆಳಕು. ಗುಂಡಿ ಮುಂದೆ ತಳ್ಳಿದರೆ ಹೊತ್ತುತ್ತದೆ, ಹಿಂದೆ ಎಳೆದರೆ ಆರುತ್ತದೆ. ಈಗಿನ ಗಟ್ಟಿಮುಟ್ಟಾದ ಎಲ್‌ಇಡಿ ಟಾರ್ಚುಗಳಲ್ಲೂ ಎಷ್ಟೋ ಹಾಗೇ ಇವೆ. ಒಂದೇ ಬೆಳಕು, ಅದೂ ಕಣ್ಣು ಕುಕ್ಕುವಂಥದ್ದು. ತೋಟದ ಆ ತುದಿಯಲ್ಲಿ ಏನೋ ಸದ್ದಾದರೆ ಅದು ಬೇಕು. ಮಲಗಿರುವ ಮಗುವನ್ನು ಎಬ್ಬಿಸದೆ ಕಪಾಟಿನಲ್ಲಿ ಔಷಧಿ ಹುಡುಕುವಾಗ ಅದು ಬೇಡ. ಹೊಸ ಟಾರ್ಚ್ ಕೊಳ್ಳದೆ, ಒಂದು ಕಂಪನಿಯ ಟಾರ್ಚಿನ ಬಾಡಿ, ಅಂದರೆ ಸೆಲ್ ಕೂರುವ ಕೊಳವೆಗೆ, ಇನ್ನೊಂದು ಕಂಪನಿಯ ಭಾಗ ಸೇರಿಸಿ ಎರಡು ಮೂರು ಹಂತದ ಬೆಳಕು ಪಡೆಯಬಹುದು. ಆದರೆ ಸುಮ್ನೆ ಸಿಕ್ಕಿದ್ದಕ್ಕೆ ಸಿಕ್ಕಿದ್ದನ್ನು ತಿರುಪಿದರೆ ಆಗದು. ಕೆಲವು ಜೋಡಿ ಸೊಗಸಾಗಿ ಕೆಲಸ ಮಾಡುತ್ತವೆ, ಕೆಲವು ಮಿಣುಕುತ್ತವೆ, ಕೆಲವು ಸುಟ್ಟೇ ಹೋಗುತ್ತವೆ. ಯಾಕೆ ಹಾಗೆ ಎನ್ನುವುದು ಒಮ್ಮೆ ತಿಳಿದರೆ ಮುಂದೆ ಯಾವ ಟಾರ್ಚ್ ಕೈಗೆ ಬಂದರೂ ನೀವೇ ಲೆಕ್ಕ ಹಾಕಬಹುದು.

ಬೇರೆ ಬೇರೆಯವರ ಭಾಗಗಳು ಒಂದಕ್ಕೊಂದು ಕೂರುವುದಾದರೂ ಹೇಗೆ? ಅದರ ಹಿಂದೆ ಅಮೆರಿಕದ ಒಂದು ಟಾರ್ಚ್ ಇದೆ. ಕ್ಯಾಲಿಫೋರ್ನಿಯಾದ ಶ್ಯೂರ್‌ಫೈರ್ ಕಂಪನಿಯ 6ಪಿ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಒಳಗೆ ಸಿಆರ್123ಎ ಎಂಬ ಮೂರು ವೋಲ್ಟಿನ ಲಿಥಿಯಂ ಸೆಲ್ ಎರಡು, ಒಟ್ಟು ಆರು ವೋಲ್ಟು. ಅದು ಹಳೆಯ ಕಾಲದ ತಂತಿ ಬಲ್ಬಿನ ಟಾರ್ಚ್. ಬಲ್ಬು ಎಂದಾದರೂ ಸುಡಲೇಬೇಕಲ್ಲ, ಆದ್ದರಿಂದ ಬಲ್ಬು ಮತ್ತು ಅದರ ಹಿಂದಿನ ಕನ್ನಡಿ ಬಟ್ಟಲನ್ನು ಸೇರಿಸಿ ಒಂದೇ ತುಂಡಾಗಿ ಮಾಡಿದ್ದರು. ಅದರ ಹೆಸರು ಪಿ60. ಬೆಳಕು 65 ಲ್ಯೂಮೆನ್, ಸೆಲ್ ಬಾಳಿಕೆ ಸುಮಾರು ಒಂದು ಗಂಟೆ. ತಲೆ ಬಿಚ್ಚಿ, ಹಳೆಯದನ್ನು ತೆಗೆದು, ಹೊಸದನ್ನು ಇಳಿಸಿದರೆ ಆಯಿತು.

ಬಿಳಿ ಎಲ್‌ಇಡಿಗಳು ಬಲ ಪಡೆದಾಗ ಸಣ್ಣ ಸಣ್ಣ ತಯಾರಕರು ಅದೇ ಅಳತೆಯಲ್ಲಿ ಎಲ್‌ಇಡಿ ತುಂಡುಗಳನ್ನು ಮಾಡತೊಡಗಿದರು. ಟಾರ್ಚ್ ಹಳೆಯದೇ, ಹೊಟ್ಟೆ ಹೊಸದು. ಇವಕ್ಕೆ ಡ್ರಾಪ್‌ಇನ್ ಅನ್ನುತ್ತಾರೆ. ಅಲಬಾಮಾದ ಮಾಲ್ಕಾಫ್ ಈ ಕೆಲಸದಲ್ಲಿ ಒಳ್ಳೆಯ ಹೆಸರು ಪಡೆಯಿತು. ಆಮೇಲೆ ಚೀನಾದ ಸೋಲಾರ್‌ಫೋರ್ಸ್ ಅದೇ ಅಳತೆಯ ಬಾಡಿ, ತಲೆ, ಹಿಂದಿನ ಮುಚ್ಚಳಗಳನ್ನೇ ಕಡಿಮೆ ಬೆಲೆಗೆ ತಂದಿತು. ಹೀಗೆ ಯಾರೂ ಕೂತು ಬರೆಯದ ಒಂದು ಅಳತೆ ತಾನಾಗಿ ಹುಟ್ಟಿಕೊಂಡಿತು. ಬರೆದ ಅಳತೆ ಅಲ್ಲದ್ದರಿಂದ ಕೂದಲೆಳೆಯ ವ್ಯತ್ಯಾಸಗಳು ಇದ್ದೇ ಇರುತ್ತವೆ. ಆ ಕೂದಲೆಳೆಗೆ ಆಮೇಲೆ ಬರುತ್ತೇನೆ, ಅರ್ಧ ತಕರಾರು ಅಲ್ಲೇ ಇರುತ್ತದೆ.

ಈಗ ಮುಖ್ಯ ವಿಷಯ. ಟಾರ್ಚ್ ಎಂದರೆ ಒಂದೇ ಒಂದು ಸುತ್ತು. ಸೆಲ್ಲಿನ ಪ್ಲಸ್ ತುದಿಯಿಂದ ಕರೆಂಟು ಹೊರಡುತ್ತದೆ. ಡ್ರಾಪ್‌ಇನ್ನಿನ ಹಿಂಭಾಗದ ಚಿಕ್ಕ ಸ್ಪ್ರಿಂಗ್ ಮೂಲಕ ಒಳಗೆ ಹೋಗುತ್ತದೆ. ಎಲ್‌ಇಡಿಯನ್ನು ಬೆಳಗಿಸಿ, ಡ್ರಾಪ್‌ಇನ್ನಿನ ಹೊರಮೈಯಿಂದ ಟಾರ್ಚಿನ ಅಲ್ಯೂಮಿನಿಯಂ ಬಾಡಿಗೆ ದಾಟುತ್ತದೆ. ಅಲ್ಲಿಂದ ಹಿಂದಿನ ಮುಚ್ಚಳ, ಅದರೊಳಗಿನ ಸ್ವಿಚ್ಚು, ಅದರ ಸ್ಪ್ರಿಂಗ್, ಮತ್ತೆ ಸೆಲ್ಲಿನ ಮೈನಸ್. ದಾರಿ ಇಷ್ಟೇ, ಬೇರೆ ಒಳದಾರಿ ಇಲ್ಲ.

ದಾರಿ ಒಂದೇ ಆದ್ದರಿಂದ ಎಲ್ಲಿ ಅಡ್ಡಿ ಹಾಕಿದರೂ ಬೆಳಕಿಗೆ ತಗಲುತ್ತದೆ. ಅಡ್ಡಿ ಹಾಕಲು ಮೂರು ಜಾಗ ಇವೆ. ತಲೆಯೊಳಗಿನ ಡ್ರಾಪ್‌ಇನ್ನಿನಲ್ಲೇ ಒಂದು ಸರ್ಕ್ಯೂಟ್ ಇಟ್ಟು ಹಂತಗಳನ್ನು ಮಾಡಬಹುದು. ತಲೆ ಮತ್ತು ಬಾಡಿ ಸೇರುವ ಸಂದಿಯಲ್ಲಿ ಮಾಡಬಹುದು. ಹಿಂದಿನ ಮುಚ್ಚಳದಲ್ಲಿ ಮಾಡಬಹುದು. ಮಾರುಕಟ್ಟೆಯಲ್ಲಿ ಸಿಗುವ ಎಲ್ಲ ಉಪಾಯಗಳೂ ಈ ಮೂರರಲ್ಲಿ ಒಂದು.

ಸಂದಿಯ ಉಪಾಯ ನನಗೆ ತುಂಬಾ ಇಷ್ಟ, ಅಷ್ಟು ಸರಳ ಅದು. ಮಾಲ್ಕಾಫಿನ ಎಂಡಿ2 ಟಾರ್ಚಿಗೆ ಒಂದು ಚಿಕ್ಕ ಉಂಗುರ ಸಿಗುತ್ತದೆ, ಅದರಲ್ಲಿ ರೆಸಿಸ್ಟರ್, ಅಂದರೆ ಕರೆಂಟಿಗೆ ಅಡ್ಡಿ ಮಾಡುವ ಪುಟ್ಟ ಭಾಗ ಇದೆ. ತಲೆಯನ್ನು ಪೂರ್ತಿ ಬಿಗಿ ಮಾಡಿದರೆ ಲೋಹ ಲೋಹಕ್ಕೆ ತಗುಲುತ್ತದೆ, ಕರೆಂಟು ನೇರ ಹೋಗುತ್ತದೆ, ಬೆಳಕು ಜೋರು. ತಲೆಯನ್ನು ಸ್ವಲ್ಪ ಸಡಿಲ ಮಾಡಿದರೆ ಆ ನೇರ ದಾರಿ ತಪ್ಪುತ್ತದೆ. ಕರೆಂಟು ರೆಸಿಸ್ಟರ್ ಹೊಕ್ಕೇ ಹೋಗಬೇಕು, ಬೆಳಕು ಮಂದ. ಚಿಪ್ಪಿಲ್ಲ, ಪ್ರೋಗ್ರಾಂ ಇಲ್ಲ.

ಹಿಂದಿನ ಮುಚ್ಚಳದಲ್ಲೂ ಇದೇ ತತ್ವ. ಶ್ಯೂರ್‌ಫೈರಿನ ಎಲ್1, ಎಲ್2 ಟಾರ್ಚುಗಳಲ್ಲಿ ಎರಡು ಹಂತದ ಗುಂಡಿ ಇತ್ತು. ಮೆಲ್ಲಗೆ ಒತ್ತಿದರೆ ಕರೆಂಟು ರೆಸಿಸ್ಟರ್ ಮೂಲಕ ಹೋಗಿ ಮಂದ ಬೆಳಕು, ಗಟ್ಟಿಯಾಗಿ ಒತ್ತಿದರೆ ನೇರ ಹೋಗಿ ಜೋರು ಬೆಳಕು. ಕತ್ತಲಲ್ಲಿ ಮೊದಲು ಮಂದ ಬೆಳಕೇ ಬರುತ್ತದೆ ಎನ್ನುವುದು ದೊಡ್ಡ ಅನುಕೂಲ, ಕಣ್ಣಿಗೆ ಪೆಟ್ಟು ಬೀಳುವುದಿಲ್ಲ.

ಸ್ವಲ್ಪ ಲೆಕ್ಕ ಮಾಡೋಣ. ಕಷ್ಟ ಇಲ್ಲ, ಶಾಲೆಯಲ್ಲಿ ಕಲಿತ ಓಮನ ನಿಯಮ ಸಾಕು. ಎರಡು ಸಿಆರ್123ಎ ಸೆಲ್ ಅಂದರೆ 6 ವೋಲ್ಟು. ಮಂದವಾಗಿ ಉರಿಯುವ ಬಿಳಿ ಎಲ್‌ಇಡಿ ತನ್ನ ಪಾಲಿಗೆ ಸುಮಾರು 2.8 ವೋಲ್ಟು ಇಟ್ಟುಕೊಳ್ಳುತ್ತದೆ. ಉಳಿದ 3.2 ವೋಲ್ಟನ್ನು ರೆಸಿಸ್ಟರ್ ತಿನ್ನಬೇಕು. ರೆಸಿಸ್ಟರ್ 33 ಓಮ್ ಎಂದಿಟ್ಟುಕೊಳ್ಳೋಣ. 3.2 ಭಾಗಿಸು 33, ಅಂದರೆ ಹೆಚ್ಚುಕಮ್ಮಿ 97 ಮಿಲಿಆಂಪ್. ಜೋರು ಬೆಳಕಿನಲ್ಲಿ ಎಲ್‌ಇಡಿಗೆ 1 ಆಂಪ್ ಹೋಗುತ್ತಿದ್ದರೆ ಇದು ಅದರ ಹತ್ತನೇ ಒಂದು ಭಾಗ. ಬೆಳಕೂ ಹೆಚ್ಚುಕಮ್ಮಿ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ.

ಈಗ ಅದೇ ಟಾರ್ಚಿಗೆ ಎರಡು ಸೆಲ್ ಬದಲು ಒಂದೇ ಲಿಥಿಯಂ ಅಯಾನ್ ಸೆಲ್ ಹಾಕಿದಿರಿ ಅನ್ನಿ, 4 ವೋಲ್ಟು. ರೆಸಿಸ್ಟರ್ ಪಾಲಿಗೆ ಉಳಿಯುವುದು 1.2 ವೋಲ್ಟು, ಕರೆಂಟು 36 ಮಿಲಿಆಂಪ್. ಸೆಲ್ ಖಾಲಿಯಾಗುತ್ತಾ 3.5 ವೋಲ್ಟಿಗೆ ಬಂದರೆ 21 ಮಿಲಿಆಂಪ್. ಅಂದರೆ ಒಂದೇ ಉಂಗುರ, ಸೆಲ್ ಬದಲಾದರೆ ಬೇರೆಯೇ ಬೆಳಕು ಕೊಡುತ್ತದೆ. ‘ಅವರ ಟಾರ್ಚಿನಲ್ಲಿ ಚೆನ್ನಾಗಿತ್ತು, ನನ್ನದರಲ್ಲಿ ಯಾಕೆ ಇಷ್ಟು ಮಂದ?’ ಎನ್ನುವ ಪ್ರಶ್ನೆಗೆ ಬಹಳ ಸಲ ಇದೇ ಉತ್ತರ.

ರೆಸಿಸ್ಟರ್ ಬಿಸಿಯಾಗುವುದನ್ನೂ ನೋಡಬೇಕು. 6 ವೋಲ್ಟಿನಲ್ಲಿ ಅದು ಸುಮಾರು 0.3 ವ್ಯಾಟ್ ಶಾಖ ತಿನ್ನುತ್ತದೆ, ಅರ್ಧ ವ್ಯಾಟಿನ ರೆಸಿಸ್ಟರ್ ಸಾಕು. ಅದೇ ಜಾಗಕ್ಕೆ ಚಾರ್ಜ್ ಆಗುವ 16340 ಸೆಲ್ ಎರಡು ಹಾಕಿದರೆ ಪೂರ್ತಿ ಚಾರ್ಜಿನಲ್ಲಿ 8.4 ವೋಲ್ಟು. ಆಗ 170 ಮಿಲಿಆಂಪ್, ಹತ್ತಿರ ಹತ್ತಿರ 1 ವ್ಯಾಟ್. ಅರ್ಧ ವ್ಯಾಟಿನ ರೆಸಿಸ್ಟರ್ ಕರಕಲಾಗುತ್ತದೆ. 16340 ನೋಡಲು ಸಿಆರ್123ಎ ಥರವೇ ಇರುತ್ತದೆ, ಅದೇ ಜಾಗದಲ್ಲಿ ಕೂರುತ್ತದೆ, ಆದರೆ ವೋಲ್ಟು ಬೇರೆ. ಮೋಸ ಹೋಗುವುದು ಇಲ್ಲೇ.

ಇಷ್ಟು ಹೊತ್ತು ಡ್ರಾಪ್‌ಇನ್ ಒಳಗೆ ಬರೀ ಎಲ್‌ಇಡಿ ಇದೆ ಎಂಬಂತೆ ಮಾತಾಡಿದೆ. ನಿಜದಲ್ಲಿ ಅದರೊಳಗೆ ಡ್ರೈವರ್ ಎಂಬ ಸರ್ಕ್ಯೂಟ್ ಇರುತ್ತದೆ. ಸೆಲ್ ಇಳಿಯುತ್ತಾ ಹೋದರೂ ಬೆಳಕು ಒಂದೇ ಸಮ ಇರಲಿ ಎಂದು ಅದು ದುಡಿಯುತ್ತದೆ. ಒಳ್ಳೆಯ ಗುಣವೇ. ಆದರೆ ರೆಸಿಸ್ಟರ್ ಹಾಕುವವರಿಗೆ ಅದು ವಿಚಿತ್ರ ಅನುಭವ ಕೊಡುತ್ತದೆ.

ವೋಲ್ಟು ಇಳಿಸಿ ಎಲ್‌ಇಡಿಗೆ ಕೊಡುವ ಡ್ರೈವರಿಗೆ ಬಕ್ ಎನ್ನುತ್ತಾರೆ. ಅದಕ್ಕೆ 3.5 ವ್ಯಾಟ್ ಬೇಕು ಅಂತಿಟ್ಟುಕೊಳ್ಳಿ. ನೀವು 1 ಓಮಿನ ರೆಸಿಸ್ಟರ್ ಹಾಕಿದಿರಿ. ಡ್ರೈವರಿಗೆ ಸಿಗುವ ವೋಲ್ಟು ಸ್ವಲ್ಪ ಕಡಿಮೆಯಾಯಿತು. ಅದು ಏನು ಮಾಡುತ್ತದೆ? ಸುಮ್ಮನಿರದೆ ಕರೆಂಟು ಜಾಸ್ತಿ ಎಳೆಯುತ್ತದೆ. ಬೆಳಕು ಒಂಚೂರೂ ಇಳಿಯುವುದಿಲ್ಲ, ಸೆಲ್ ಮಾತ್ರ ಬೇಗ ಮುಗಿಯುತ್ತದೆ. 2 ಓಮ್ ಹಾಕಿದರೂ ಅದೇ ಕಥೆ. 6 ವೋಲ್ಟಿನಿಂದ 3.5 ವ್ಯಾಟ್ ದಾಟಿಸಲು ದಾರಿಯಲ್ಲಿ ಹೆಚ್ಚೆಂದರೆ 2.5 ಓಮ್ ಅಡ್ಡಿ ಇರಬಹುದು. ಅದನ್ನು ದಾಟಿದ ಕೂಡಲೇ ಡ್ರೈವರ್ ಕೈಚೆಲ್ಲುತ್ತದೆ. ಬೆಳಕನ್ನು ಹಿಡಿದಿಡುವುದು ಬಿಟ್ಟು, ಬಂದಷ್ಟು ಕರೆಂಟನ್ನು ಎಲ್‌ಇಡಿಗೆ ಸಾಗಿಸುವ ತಂತಿಯ ಹಾಗೆ ವರ್ತಿಸುತ್ತದೆ. ಆಮೇಲೆ ನಮ್ಮ 33 ಓಮಿನ ಲೆಕ್ಕ ಸರಿಯಾಗಿ ಕೂರುತ್ತದೆ. ಚಿಕ್ಕ ರೆಸಿಸ್ಟರ್ ಹಾಕಿ ‘ಏನೂ ಬದಲಾಗಲಿಲ್ಲ’ ಎಂದು ಕೈಬಿಟ್ಟವರು ಸ್ವಲ್ಪ ದೊಡ್ಡದನ್ನು ಹಾಕಿ ನೋಡಬೇಕಿತ್ತು.

ಬೂಸ್ಟ್ ಎಂಬ ಇನ್ನೊಂದು ಜಾತಿಯ ಡ್ರೈವರ್ ಇದೆ, ಕಡಿಮೆ ವೋಲ್ಟನ್ನು ಏರಿಸಿ ಕೊಡುವಂಥದ್ದು. ಅದಕ್ಕೆ ರೆಸಿಸ್ಟರ್ ಒಗ್ಗುವುದಿಲ್ಲ. ವೋಲ್ಟು ಇಳಿದಂತೆ ಜಾಸ್ತಿ ಎಳೆಯುತ್ತದೆ, ಎಳೆದಂತೆ ಇನ್ನೂ ಇಳಿಯುತ್ತದೆ, ಕೊನೆಗೆ ಕುಸಿದು ಮತ್ತೆ ಏಳುತ್ತದೆ. ಬೆಳಕು ಪಟಪಟ ಬಡಿದುಕೊಳ್ಳುತ್ತದೆ. ಆ ಜೋಡಿ ಬಿಟ್ಟುಬಿಡಿ.

ಹೆಚ್ಚು ಜನ ಎಡವುವುದು ಮುಂದಿನ ಜೋಡಿಯಲ್ಲಿ. ಡ್ರಾಪ್‌ಇನ್ನಿನಲ್ಲೇ ಮೂರು ಹಂತ ಇವೆ, ಅದಕ್ಕೆ ಎರಡು ಹಂತದ ಮುಚ್ಚಳ ಸೇರಿಸಿದರೆ ಮೂರೆರಡಲೆ ಆರು ಅಲ್ವಾ? ಅಲ್ಲ.

ಹಂತಗಳಿರುವ ಡ್ರಾಪ್‌ಇನ್ನಿನೊಳಗೆ ಒಂದು ಪುಟ್ಟ ಚಿಪ್ಪು ಕೂತಿರುತ್ತದೆ. ಎಷ್ಟೋ ಚೀನೀ ಡ್ರೈವರುಗಳಲ್ಲಿ ಅದರ ಜೊತೆ ಎಎಂಸಿ7135 ಎಂಬ ಚಿಕ್ಕ ಕರೆಂಟು ನಿಯಂತ್ರಕಗಳು ಸಾಲಾಗಿರುತ್ತವೆ. ಒಂದೊಂದೂ 350 ಮಿಲಿಆಂಪ್ ಬಿಡುತ್ತದೆ, ಎಂಟು ಇದ್ದರೆ 2.8 ಆಂಪ್. ಮಂದ ಬೆಳಕು ಬೇಕಾದಾಗ ಚಿಪ್ಪು ಇವನ್ನು ಸೆಕೆಂಡಿಗೆ ಸಾವಿರಾರು ಸಲ ಹಚ್ಚಿ ಆರಿಸುತ್ತದೆ. ಕಣ್ಣಿಗೆ ಅದು ಮಂದ ಬೆಳಕಾಗಿ ಕಾಣುತ್ತದೆ. ಆದರೆ ಹಚ್ಚಿದ ಆ ಗಳಿಗೆಯಲ್ಲಿ ಅದು ಎಳೆಯುವುದು ಪೂರ್ತಿ 2.8 ಆಂಪೇ. ದಾರಿಯಲ್ಲಿ ರೆಸಿಸ್ಟರ್ ಇದ್ದರೆ ಆ ಗಳಿಗೆಯಲ್ಲಿ ವೋಲ್ಟು ಧಪ್ಪನೆ ಬೀಳುತ್ತದೆ. ಚಿಪ್ಪು ಸೆಲ್ಲಿನ ವೋಲ್ಟನ್ನೂ ಕಾಯುತ್ತಿರುತ್ತದೆ. ಮೂರು ವೋಲ್ಟಿನ ಆಸುಪಾಸಿಗೆ ಬಂದರೆ ‘ಸೆಲ್ ಖಾಲಿ’ ಎಂದು ತಿಳಿದು ಬೆಳಕನ್ನು ತಾನೇ ಇಳಿಸುತ್ತದೆ, ಅಥವಾ ಆರಿಸಿಬಿಡುತ್ತದೆ. ಸೆಲ್ ತುಂಬಿದೆ, ಆದರೂ ಟಾರ್ಚ್ ಆರುತ್ತದೆ. ಇಬ್ಬರು ಯಜಮಾನರು ಒಂದೇ ಮನೆ ನಡೆಸಿದ ಹಾಗೆ. ಹಂತಗಳನ್ನು ಚಿಪ್ಪಿಗೆ ವಹಿಸಿದರೆ ಪೂರ್ತಿ ಅದಕ್ಕೇ ವಹಿಸಬೇಕು. ರೆಸಿಸ್ಟರಿಗೆ ವಹಿಸುವುದಾದರೆ ಒಂದೇ ಬೆಳಕಿನ ಸಾದಾ ಡ್ರಾಪ್‌ಇನ್ ಹಾಕಬೇಕು.

ಚಿಪ್ಪಿರುವ ಡ್ರಾಪ್‌ಇನ್ನಿಗೆ ಮುಚ್ಚಳ ಆರಿಸುವಾಗ ಇನ್ನೊಂದು ಸೂಕ್ಷ್ಮ ಇದೆ. ಹಂತ ಬದಲಿಸು ಎಂದು ಚಿಪ್ಪಿಗೆ ಹೇಳುವುದು ಕರೆಂಟನ್ನು ಕ್ಷಣಕಾಲ ಕತ್ತರಿಸಿ. ಸ್ವಿಚ್ಚುಗಳಲ್ಲಿ ಎರಡು ಬಗೆ. ಫಾರ್ವರ್ಡ್ ಕ್ಲಿಕಿಯಲ್ಲಿ ಅರ್ಧ ಒತ್ತಿದಾಗಲೇ ಬೆಳಕು ಬರುತ್ತದೆ, ಪೂರ್ತಿ ಒತ್ತಿದರೆ ಬೆರಳು ತೆಗೆದ ಮೇಲೂ ಉರಿಯುತ್ತಲೇ ಇರುತ್ತದೆ. ರಿವರ್ಸ್ ಕ್ಲಿಕಿಯಲ್ಲಿ ಪೂರ್ತಿ ಒತ್ತಿ ಬಿಟ್ಟಾಗ ಬೆಳಕು ಬರುತ್ತದೆ, ಉರಿಯುತ್ತಿರುವಾಗ ಅರ್ಧ ಒತ್ತಿದರೆ ಕರೆಂಟು ಕ್ಷಣಕಾಲ ಕಡಿಯುತ್ತದೆ. ಹಂತ ಬದಲಿಸಲು ಎರಡನೆಯದೇ ಸುಲಭ, ಬೆರಳಿನ ತುದಿ ಅಲುಗಿದರೆ ಸಾಕು. ಫಾರ್ವರ್ಡ್ ಸ್ವಿಚ್ಚಿನಲ್ಲಿ ಉರಿಯುತ್ತಿರುವ ಟಾರ್ಚನ್ನು ಆರಿಸಿ ಮತ್ತೆ ಹಚ್ಚಬೇಕಾಗುತ್ತದೆ. 6ಪಿಯ ಮೂಲ ಮುಚ್ಚಳ ಇವೆರಡೂ ಅಲ್ಲ. ಒತ್ತಿ ಹಿಡಿದಷ್ಟು ಹೊತ್ತು ಬೆಳಕು, ತಿರುಪಿದರೆ ಕಾಯಂ ಬೆಳಕು. ತಿರುಪಿ ಕಾಯಂ ಮಾಡಿದ ಮೇಲೆ ಹಂತ ಬದಲಿಸಲು ಮತ್ತೆ ಸಡಿಲಿಸಬೇಕು. ಒಂದೇ ಬೆಳಕಿನ ಟಾರ್ಚಿಗೆ ಅದು ಒಳ್ಳೆಯ ಮುಚ್ಚಳ, ಹಂತಗಳಿರುವುದಕ್ಕೆ ಕಿರಿಕಿರಿ.

ಈಗ ಆ ಕೂದಲೆಳೆಯ ವಿಷಯ. ಅಲ್ಯೂಮಿನಿಯಂ ಟಾರ್ಚಿನ ಬಣ್ಣ ನಿಜವಾಗಿ ಬಣ್ಣ ಅಲ್ಲ. ಅನೋಡೈಸ್ ಮಾಡಿದಾಗ ಮೇಲೆ ಹುಟ್ಟುವ ಆಕ್ಸೈಡ್ ಪದರ ಅದು. ಕರೆಂಟು ಅದರೊಳಗೆ ಹಾಯುವುದಿಲ್ಲ. ಕೆಲವು ಟಾರ್ಚಿನ ಥ್ರೆಡ್ಡಿಗೂ, ಅಂದರೆ ತಿರುಪುವ ಸುತ್ತುಗೆರೆಗೂ, ಈ ಪದರ ಇರುತ್ತದೆ, ಕೆಲವದರಲ್ಲಿ ಥ್ರೆಡ್ಡು ಬರಿಲೋಹ. ಉಂಗುರದ ಉಪಾಯಕ್ಕೆ ಇದೇ ಜೀವ. ಥ್ರೆಡ್ಡು ಬರಿಲೋಹವಾಗಿದ್ದರೆ ತಲೆ ಸಡಿಲಿಸಿದರೂ ಕರೆಂಟು ಥ್ರೆಡ್ಡಿನ ಮೂಲಕ ನುಸುಳಿಹೋಗಬಹುದು. ರೆಸಿಸ್ಟರ್ ಇದ್ದೂ ಇಲ್ಲದಂತೆ, ಮಂದ ಬೆಳಕು ಬರುವುದೇ ಇಲ್ಲ. ತದ್ವಿರುದ್ಧವೂ ಆಗುತ್ತದೆ. ಹಿಂದಿನ ಮುಚ್ಚಳ ಕೂದಲೆಳೆಯಷ್ಟು ಗಿಡ್ಡವಾಗಿ, ಬಾಡಿಯ ತುದಿಯ ಬರಿಲೋಹದ ಅಂಚಿಗೆ ಮುಟ್ಟದಿದ್ದರೆ ಬೆಳಕೇ ಇಲ್ಲ. ಅಂಚಿಗೆ ಅಂಟಿದ ಗ್ರೀಸ್, ಕಪ್ಪು ಕೊಳೆ ಕೂಡ ಅರ್ಧ ಓಮಿನ ಅಡ್ಡಿಯಾಗಿ ನಿಲ್ಲಬಲ್ಲದು. ಹತ್ತಿಗೆ ಸ್ವಲ್ಪ ಸ್ಪಿರಿಟ್ ಹಾಕಿ ಒರೆಸಿದರೆ ಎಷ್ಟೋ ‘ಕೆಟ್ಟ’ ಟಾರ್ಚುಗಳು ಎದ್ದು ಕೂರುತ್ತವೆ.

ದೋಷ ಎಲ್ಲಿದೆ ಎಂದು ಹುಡುಕಲು ಒಂದು ಸುಲಭ ದಾರಿ ಇದೆ. ಹಿಂದಿನ ಮುಚ್ಚಳ ಬಿಚ್ಚಿ. ಒಂದು ಗಿಡ್ಡ ತಂತಿಯಿಂದ ಸೆಲ್ಲಿನ ಮೈನಸ್ ತುದಿಯನ್ನೂ ಬಾಡಿಯ ಬರಿಲೋಹದ ಅಂಚನ್ನೂ ಮುಟ್ಟಿಸಿ. ಬೆಳಕು ಬಂದರೆ ತಲೆ, ಡ್ರಾಪ್‌ಇನ್, ಸೆಲ್ ಎಲ್ಲ ಸರಿ, ತಪ್ಪು ಮುಚ್ಚಳದ್ದು. ತಂತಿಯ ಜಾಗಕ್ಕೆ ಮಲ್ಟಿಮೀಟರನ್ನು 10 ಆಂಪಿನ ಗೆರೆಯಲ್ಲಿಟ್ಟು ಮುಟ್ಟಿಸಿದರೆ ಪ್ರತಿ ಹಂತದಲ್ಲೂ ಎಷ್ಟು ಕರೆಂಟು ಹೋಗುತ್ತಿದೆ ಎಂದು ಕಾಣುತ್ತದೆ. ಮೀಟರಿನ ಉದ್ದ ತಂತಿಗಳೂ ಸ್ವಲ್ಪ ಅಡ್ಡಿ ಮಾಡುತ್ತವೆ, ಜೋರು ಬೆಳಕಿನ ಅಂಕಿ ಕೊಂಚ ಕಡಿಮೆ ಬಂದರೆ ಗಾಬರಿ ಬೇಡ.

ನನ್ನ ಕೈಯಲ್ಲಿ ಈಗ ಇರುವುದು ಎರಡು ಕಂಪನಿಯ ಕೂಡಿಕೆ. ತಲೆ, ಬಾಡಿ, ಉಂಗುರ ಮಾಲ್ಕಾಫ್, ಒಳಗಿರುವುದು ಒಂದೇ ಬೆಳಕಿನ ಡ್ರಾಪ್‌ಇನ್. ಹಿಂದಿನ ಮುಚ್ಚಳ ಚೀನಾದ ಒಂದು ಕ್ಲಿಕಿ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ 330 ಓಮಿನ ರೆಸಿಸ್ಟರನ್ನು ಆ ಮುಚ್ಚಳದ ಸ್ವಿಚ್ಚಿನ ಎರಡು ಕಾಲುಗಳಿಗೆ ಅಡ್ಡಲಾಗಿ ಬೆಸುಗೆ ಹಾಕಿದ್ದೇನೆ. ಹೀಗಾಗಿ ಸ್ವಿಚ್ಚು ತೆರೆದಿದ್ದರೂ ಕರೆಂಟಿಗೆ 330 ಓಮಿನ ಸಣ್ಣ ದಾರಿ ಇದ್ದೇ ಇರುತ್ತದೆ. ಟಾರ್ಚ್ ಸದಾ ಮಿಣುಕು ಬೆಳಕಿನಲ್ಲಿ ಉರಿಯುತ್ತದೆ, ಸುಮಾರು 10 ಮಿಲಿಆಂಪ್. ಸ್ವಿಚ್ಚು ಒತ್ತಿದರೆ ಆ ಅಡ್ಡಿ ಹೋಗುತ್ತದೆ. ಆಗ ತಲೆ ಬಿಗಿ ಇದ್ದರೆ ಜೋರು, ಸಡಿಲ ಇದ್ದರೆ ಉಂಗುರದ ನಡುಬೆಳಕು. ಪೂರ್ತಿ ಆರಿಸಬೇಕಾದರೆ ಹಿಂದಿನ ಮುಚ್ಚಳವನ್ನು ಸ್ವಲ್ಪ ತಿರುಪಿ ಸಡಿಲಿಸಬೇಕು. ಆ ಥ್ರೆಡ್ಡಿಗೆ ಅನೋಡೈಸ್ ಪದರ ಇದ್ದರೆ ಮಾತ್ರ ಹೀಗೆ ಆರುತ್ತದೆ.

ತಲೆಗೆ ಎರಡು ಸ್ಥಿತಿ, ಸ್ವಿಚ್ಚಿಗೆ ಎರಡು ಸ್ಥಿತಿ, ಆದರೂ ಬೆಳಕು ಮೂರೇ. ಯಾಕೆಂದರೆ ಸಾಲಾಗಿ ಸೇರಿದ ರೆಸಿಸ್ಟರುಗಳಲ್ಲಿ ದೊಡ್ಡದರದ್ದೇ ಮಾತು. 330 ಒಂದೇ ಇದ್ದರೂ, 330 ಮತ್ತು 33 ಸೇರಿ 363 ಆದರೂ, ಕಣ್ಣಿಗೆ ಒಂದೇ. ಕಣ್ಣಿನ ಸ್ವಭಾವವೂ ಹಾಗೇ. ಬೆಳಕು ಎರಡು ಪಟ್ಟಾದರೆ ಅದಕ್ಕೆ ‘ಸ್ವಲ್ಪ ಜಾಸ್ತಿಯಾಯಿತು’ ಅನಿಸುತ್ತದೆ ಅಷ್ಟೇ. ಮೂರ್ನಾಲ್ಕು ಪಟ್ಟು ಅಂತರವಾದರೂ ಇದ್ದರೆ ಬೇರೆ ಹಂತ ಎಂದು ಒಪ್ಪುತ್ತದೆ. ಬೆಳಕು ತಲುಪುವ ದೂರ ಎರಡು ಪಟ್ಟಾಗಬೇಕಾದರೆ ಬೆಳಕಿನ ತೀವ್ರತೆ ನಾಲ್ಕು ಪಟ್ಟಾಗಬೇಕು. ಹಾಗಾಗಿ ಹತ್ತಾರು ಹಂತಗಳ ಆಸೆ ನನಗಿಲ್ಲ. ಹತ್ತು ಹತ್ತು ಪಟ್ಟಿನ ಅಂತರದ ಮೂರು ಮೆಟ್ಟಿಲು ಸಾಕು. ಸಿಆರ್123ಎ ಸೆಲ್ಲಿನಲ್ಲಿ ಸುಮಾರು 1500 ಮಿಲಿಆಂಪ್ ಅವರ್ ಇರುತ್ತದೆ. ಆ ಲೆಕ್ಕದಲ್ಲಿ ಜೋರು ಬೆಳಕು (6 ವೋಲ್ಟಿನಿಂದ 3.5 ವ್ಯಾಟ್, ಅಂದರೆ ಸೆಲ್ಲಿನಿಂದ ಸುಮಾರು 0.6 ಆಂಪ್) ಎರಡು ಗಂಟೆ ಚಿಲ್ಲರೆ, ನಡುವಿನದು ಹದಿನೈದು ಗಂಟೆ, ಮಿಣುಕು ಬೆಳಕು ನೂರು ಗಂಟೆಯ ಮೇಲೆ. 330 ಎನ್ನುವ ಬೆಲೆಯನ್ನು ಹಾಗೇ ನಕಲು ಮಾಡಬೇಡಿ. ಡ್ರೈವರ್ ತನ್ನ ಪಾಲಿಗೂ ಒಂದಿಷ್ಟು ಕರೆಂಟು ಇಟ್ಟುಕೊಳ್ಳುತ್ತದೆ. 150, 220, 330 ಮೂರನ್ನೂ ತಂದು, ಬೆಸುಗೆಗೆ ಮೊದಲು ಮುಟ್ಟಿಸಿ ನೋಡಿ. ರೆಸಿಸ್ಟರಿನ ಬೆಲೆ ಒಂದೆರಡು ರೂಪಾಯಿ.

ಶಾಖದ ಬಗ್ಗೆ ಎರಡು ಮಾತು. ಡ್ರಾಪ್‌ಇನ್ ಬಾಡಿಯೊಳಗೆ ಸಡಿಲವಾಗಿ ಕೂತರೆ ಎಲ್‌ಇಡಿಯ ಬಿಸಿ ಹೊರಗೆ ಬರುವುದಿಲ್ಲ. ನಡುವಿನ ಸಂದಿಗೆ ತಾಮ್ರದ ಅಥವಾ ಅಲ್ಯೂಮಿನಿಯಂ ಹಾಳೆಯನ್ನು ಸುತ್ತಿ ಬಿಗಿಯಾಗಿ ಕೂರಿಸಿ. ಟಾರ್ಚಿನ ಮೈ ಬಿಸಿಯಾದರೆ ಅದು ಒಳ್ಳೆಯ ಲಕ್ಷಣ, ಶಾಖ ಹೊರಗೆ ಬರುತ್ತಿದೆ ಎಂದರ್ಥ. ಪ್ಲಾಸ್ಟಿಕ್ ಬಾಡಿಗೆ ಜೋರು ಡ್ರಾಪ್‌ಇನ್ ಬೇಡ.

ಸೆಲ್ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಭಾಗಗಳನ್ನು ಎಷ್ಟು ಬೇಕಾದರೂ ಬೆರೆಸಿ, ಸೆಲ್ಲುಗಳನ್ನು ಬೆರೆಸಬೇಡಿ. ಒಂದು ಹೊಸದು, ಒಂದು ಅರ್ಧ ಬಳಸಿದ್ದು ಸೇರಿದರೆ ದುರ್ಬಲ ಸೆಲ್ ಮೊದಲು ಖಾಲಿಯಾಗುತ್ತದೆ. ಬಲವಾದದ್ದು ಅದರೊಳಗೆ ಕರೆಂಟು ನೂಕುತ್ತಲೇ ಇರುತ್ತದೆ, ಖಾಲಿ ಸೆಲ್ಲಿನ ಪ್ಲಸ್ ಮೈನಸ್ ಉಲ್ಟಾ ಆಗುತ್ತದೆ. ಲಿಥಿಯಂ ಸೆಲ್ ಆಗ ಬಿಸಿಯೇರುತ್ತದೆ, ಹೊಗೆಯುಗುಳುತ್ತದೆ, ಗಾಳಿಯಾಡದ ಕೊಳವೆಯಲ್ಲಿ ಸಿಡಿಯಲೂಬಹುದು. ವೋಲ್ಟಿನ ಮಿತಿಯೂ ಹಾಗೇ. ಎಎಂಸಿ7135ರ ಮಿತಿ 6 ವೋಲ್ಟು. ಒಂದೇ ಸೆಲ್ಲಿಗೆ ಮಾಡಿದ ಡ್ರಾಪ್‌ಇನ್ನಿಗೆ ನಾನೊಮ್ಮೆ 16340 ಎರಡು ಹಾಕಿದ್ದೆ. ಬೆಳಕು ಒಂದು ಕ್ಷಣ ನೀಲಿಗೆ ತಿರುಗಿತು, ಸುಟ್ಟ ವಾಸನೆ ಬಂತು, ಅಷ್ಟೇ. ಸೆಲ್ಲಿಗೆ ಏನೂ ಆಗಲಿಲ್ಲ ಎನ್ನುವುದು ಪುಣ್ಯ. ಅಂದಿನಿಂದ ಪ್ರತಿ ಡ್ರಾಪ್‌ಇನ್ನಿನ ಹಿತ್ತಾಳೆಯ ಮೈಮೇಲೆ ಅದರ ವೋಲ್ಟಿನ ಮಿತಿಯನ್ನು ಮಾರ್ಕರ್ ಪೆನ್ನಿನಲ್ಲಿ ಬರೆದಿಡುತ್ತೇನೆ, ಸೆಲ್ ಹಾಕುವ ಮುಂಚೆ ತೆಗೆದು ಓದುತ್ತೇನೆ.